ಹಳೆಯ ಚಿತ್ರಗಳೂ ಪ್ರತಿಯ ಪ್ರಶ್ನೆಯೂ

ಬಾಗೇವಾಡಿ ಸೀಮೆಯಲ್ಲಿ ಹುಟ್ಟಿದ ಬಸವಣ್ಣನವರ 12ನೆಯ ಶತಮಾನದ ವಚನಗಳು ನಮಗೆ ಉಳಿದುಬಂದಿವೆ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಉಳಿದಿಲ್ಲ. ಹಳೆಯ ಚಿತ್ರಗಳು ಕ್ಯಾಸೆಟ್ಟಾಗಿಯೋ ಡಿ.ವಿ.ಡಿ.ಯಾಗಿಯೋ ಮನೆಗೆ ಬಾರದಿರುವುದಕ್ಕೆ ಅವುಗಳ ಗುಣದ ಕೊರತೆಯೇ ಕಾರಣವೆನ್ನುವುದುಂಟು. ಈ ಮಾತನ್ನು ನಾವು ಒಪ್ಪಲಾರೆವು. ಡಿ.ವಿ.ಡಿ. ತಯಾರಿಸಲು ಮೊದಲು ಚಿತ್ರದ ಪ್ರತಿ ಬೇಕು. ಅಂದಿನ ನೈಟ್ರೇಟ್ ಫಿಲ್ಮು ಬೇಗನೆ ಹೊತ್ತಿಕೊಳ್ಳುವಂಥದು, ಇಟ್ಟಲ್ಲೇ ಕೆಡುವಂಥದು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪಿತವಾದದ್ದು ಮೂವತ್ತು ವರ್ಷಗಳ ಅನಂತರ, 1964ರಲ್ಲಿ. ವಚನಗಳಿಗಾದರೋ ಓಲೆಯಿಂದ ಓಲೆಗೆ ಪ್ರತಿಮಾಡುವವರಿದ್ದರು. ಆ ಓಲೆಗಳನ್ನು ಹುಡುಕಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ ವಿಜಯಪುರದ ಫ. ಗು. ಹಳಕಟ್ಟಿಯವರಿದ್ದರು. ಆದುದರಿಂದ, ಕಾಣದ ಚಿತ್ರಕ್ಕೆ ಬೆಲೆ ಕಟ್ಟುವ ಮೊದಲು ಅದರ ಪ್ರತಿಯನ್ನು ಕಾಯ್ದವರಾರೆಂದು ವಿಮರ್ಶಕನು ಕೇಳಬೇಕೆಂಬುದೇ ನಮ್ಮ ಅಭಿಪ್ರಾಯ.