ಸ್ಮರಣ ಸಂಚಿಕೆಯಲ್ಲಿ ಇಲ್ಲದವರು

ಕೆಲವು ವರ್ಷಗಳ ಹಿಂದೆ ಕ್ರಿಸ್ಮಸ್ ರಜೆಗೆ ಮೊದಲು ನನ್ನ ತವರಿನ ಚರ್ಚಿನಿಂದ ಒಂದು ದಪ್ಪ ಕಾಗದದ ಕಟ್ಟು ಬಂತು. ದಕ್ಷಿಣ ಕೊಡಗಿನ ತೋಟಗಳ ನಡುವಿನ ಸಣ್ಣ ಚರ್ಚು ಅದು. ಜುಬಿಲಿಗೆಂದು ಸ್ಮರಣ ಸಂಚಿಕೆ ತರುತ್ತಿದ್ದರು. "ಟೀಚರೇ, ನೀವು ಕನ್ನಡ ಪಾಠ ಮಾಡುವವರು, ಒತ್ತಕ್ಷರ, ದೀರ್ಘ ಎಲ್ಲ ಒಂದು ಸಲ ನೋಡಿಕೊಡಿ" ಎಂಬ ಚೀಟಿ ಜತೆಗಿತ್ತು. ಮೂರು ರಾತ್ರಿ ಕೂತು ಕರಡು ತಿದ್ದಿದೆ. ಅಕಾರ ಹಕಾರಗಳನ್ನು ಸರಿಮಾಡಿದೆ. ಆದರೆ ಆ ಪುಸ್ತಕದ ನಿಜವಾದ ತಪ್ಪು ಅಕ್ಷರದ್ದಲ್ಲ ಎಂದು ಎರಡನೆಯ ರಾತ್ರಿಯೇ ಅನ್ನಿಸತೊಡಗಿತ್ತು.

ಇಂಥ ಸಂಚಿಕೆಗಳನ್ನು ನೀವೂ ನೋಡಿರುತ್ತೀರಿ. ದೇವಸ್ಥಾನದ ಜೀರ್ಣೋದ್ಧಾರಕ್ಕೂ, ಶಾಲೆಯ ಸುವರ್ಣ ಮಹೋತ್ಸವಕ್ಕೂ, ಸಹಕಾರ ಸಂಘದ ವಜ್ರ ಮಹೋತ್ಸವಕ್ಕೂ ಬರುವ ಸಂಚಿಕೆಗಳು ಹೆಚ್ಚುಕಮ್ಮಿ ಒಂದೇ ಅಚ್ಚಿನವು. ಮೊದಲು ಸಂದೇಶಗಳು. ಚರ್ಚಿನದ್ದಾದರೆ ಧರ್ಮಾಧ್ಯಕ್ಷರದು, ಆಮೇಲೆ ಮಂತ್ರಿಗಳದು. ಮುಂದೆ ಗುರುಗಳ ಪಟ್ಟಿ, ಇಸವಿ ಸಮೇತ. ಯಾರ ಕಾಲದಲ್ಲಿ ಅಡಿಗಲ್ಲು, ಯಾರ ಕಾಲದಲ್ಲಿ ಗಂಟೆ, ಯಾರ ಕಾಲದಲ್ಲಿ ಹೆಂಚು ಹೋಗಿ ಕಾಂಕ್ರೀಟು ಬಂತು. ಗುರುಗಳು ಬಂದರು, ಕಟ್ಟಿಸಿದರು, ವರ್ಗವಾಗಿ ಹೋದರು. ಕಡೆಯಲ್ಲಿ ಜಾಹೀರಾತು. ನನ್ನನ್ನು ಕೇಳಿದರೆ ಜಾಹೀರಾತಿನ ಪುಟಗಳೇ ಹೆಚ್ಚು ಓದಿಸಿಕೊಳ್ಳುತ್ತವೆ. ಕಾಫಿ, ಕರಿಮೆಣಸಿನ ವ್ಯಾಪಾರಿ, ಜೀಪು ರಿಪೇರಿಯವನು, ಜವಳಿ ಅಂಗಡಿ, ತಂದೆತಾಯಿಯ ನೆನಪಿಗೆ ಫೋಟೋ ಹಾಕಿಸಿದ ಮಕ್ಕಳು. ಊರು ಹೇಗೆ ಬದುಕುತ್ತಿದೆ ಎಂದು ಅಲ್ಲಿ ಗೊತ್ತಾಗುತ್ತದೆ.

ವ್ಯಾಕರಣ ಕಲಿಸುವ ನನಗೆ ಚರಿತ್ರೆಯ ಭಾಗದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಅಲ್ಲಿನ ಕ್ರಿಯಾಪದಗಳು. ಅಡಿಪಾಯ ತೋಡಲಾಯಿತು. ಮಣ್ಣು ಹೊರಲಾಯಿತು. ಹೆಂಚು ಹೊದಿಸಲಾಯಿತು. ಕರ್ಮಣಿ ಪ್ರಯೋಗದಲ್ಲಿ ಕರ್ತೃವನ್ನು ಬಿಟ್ಟರೂ ವಾಕ್ಯ ನಿಲ್ಲುತ್ತದೆ ಎಂದು ಒಂಬತ್ತನೆಯ ತರಗತಿಗೆ ನಾನೇ ಹೇಳಿಕೊಟ್ಟಿದ್ದೇನೆ. ವಾಕ್ಯ ನಿಲ್ಲುತ್ತದೆ, ಸರಿ. ಮಣ್ಣು ಹೊತ್ತವರು ಯಾರು? ನಾನು ಮೂರನೆಯ ಕ್ಲಾಸಿನಲ್ಲಿದ್ದಾಗ ಆ ಚರ್ಚಿನ ಮಾಡು ಬಿಚ್ಚಿ ಹೊಸ ಹೆಂಚು ಹೊದಿಸಿದರು. ಶನಿವಾರ ತೋಟದ ಕೆಲಸ ಮುಗಿದ ಮೇಲೆ ಲೈನ್ ಮನೆಗಳ ಹೆಂಗಸರು ಬಂದು ರಸ್ತೆಯಿಂದ ಗೋಡೆಯವರೆಗೆ ಸಾಲಾಗಿ ನಿಂತು ಕೈಯಿಂದ ಕೈಗೆ ಹೆಂಚು ದಾಟಿಸಿದ್ದನ್ನು ಕಂಡಿದ್ದೇನೆ. ನನ್ನ ಅವ್ವ ಆ ಸಾಲಿನಲ್ಲಿದ್ದಳು. ಸಂಜೆ ಎಲ್ಲರಿಗೂ ಬೆಲ್ಲದ ಕಾಫಿ. ಸಂಚಿಕೆಯಲ್ಲಿ ಆ ಶನಿವಾರಗಳಿಗೆ ಉಳಿದದ್ದು ಎರಡೇ ಪದ: "ಹೆಂಚು ಹೊದಿಸಲಾಯಿತು."

ಹಾಗಾದರೆ ಧರ್ಮಕೇಂದ್ರ ಎಂದರೆ ಏನು? ಕಟ್ಟಡವೋ, ಗುರುಗಳೋ, ಜನರೋ? ಆ ಪದದ ಮೇಲೂ ನನಗೊಂದು ತಕರಾರಿದೆ. ಕೇಂದ್ರ ಎಂದ ಕೂಡಲೇ ಮಧ್ಯದ ಒಂದು ಚುಕ್ಕಿ ಕಣ್ಣಮುಂದೆ ಬರುತ್ತದೆ, ಸುತ್ತಿನವರು ಮರೆತುಹೋಗುತ್ತಾರೆ. ನಮ್ಮ ಕಡೆಯ ಹಳಬರು ವಿಚಾರಣೆ ಎನ್ನುತ್ತಿದ್ದರು. ಒಬ್ಬ ಗುರು ವಿಚಾರಿಸಿಕೊಳ್ಳುವಷ್ಟು ಜನ ಮತ್ತು ಜಾಗ ಎಂದು ನಾನು ಅರ್ಥಮಾಡಿಕೊಂಡಿದ್ದೆ. ಮನೆಯಲ್ಲಿ ಕೊಂಕಣಿ ಆಡುವ ನಮಗೆ ಅದು ಫಿರ್ಗಜ್, ಪಕ್ಕದ ತೋಟದ ಮಲಯಾಳಿಗಳಿಗೆ ಇಡವಕ, ಪ್ರಾಟೆಸ್ಟೆಂಟರಿಗೆ ಸಭೆ. ಇಂಗ್ಲಿಷಿನ ಪ್ಯಾರಿಷ್ ಎಂಬುದರ ಬೇರು ಗ್ರೀಕಿನ ಪರೋಕಿಯಾ. ನೆರೆಯಲ್ಲಿ ಬಿಡಾರ ಹೂಡಿದವರು, ಪರಸ್ಥಳದಲ್ಲಿ ತಂಗಿದವರು ಎಂಬ ಅರ್ಥ ಅದರಲ್ಲಿದೆ. ಕೊಡಗಿನ ಮಟ್ಟಿಗೆ ಇಷ್ಟು ಚೆನ್ನಾಗಿ ಒಪ್ಪುವ ಮಾತು ಬೇರೆ ಇಲ್ಲ.

ಇಲ್ಲಿಯ ಕ್ರೈಸ್ತರಲ್ಲಿ ಬಹುಪಾಲಿನವರು ಬಿಡಾರ ಹೂಡಿದವರೇ. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕಥೋಲಿಕರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಆ ಸೆರೆಯಿಂದ ತಪ್ಪಿಸಿಕೊಂಡು ಕೊಡಗು ಸೇರಿದವರಿಗೆ ದೊಡ್ಡ ವೀರರಾಜೇಂದ್ರ ತಾನೇ ಕಟ್ಟಿಸಿದ ವೀರರಾಜಪೇಟೆಯಲ್ಲಿ ಜಾಗ ಕೊಟ್ಟ. ಅಲ್ಲಿಯ ಸಂತ ಅನ್ನಮ್ಮನವರ ಚರ್ಚು ತನ್ನ ಆರಂಭವನ್ನು 1792ರಿಂದ ಎಣಿಸುತ್ತದೆ. ಅನ್ನಮ್ಮ ಎಂದರೆ ಮರಿಯಮ್ಮನವರ ತಾಯಿ, ಯೇಸುವಿನ ಅಜ್ಜಿ. ನೆಲೆ ತಪ್ಪಿದವರು ಒಬ್ಬ ಅಜ್ಜಿಯ ಹೆಸರಿನ ಕೆಳಗೆ ಸೇರಿಕೊಂಡರಲ್ಲ ಎಂದು ನನಗೆ ಯಾವಾಗಲೂ ಸಂತೋಷ. 1854ರ ಹೊತ್ತಿಗೆ ಇಂಗ್ಲಿಷರ ಕಾಫಿ ತೋಟಗಳು ಶುರುವಾದವು, ಅವುಗಳ ಹಿಂದೆ ಘಟ್ಟದ ಕೆಳಗಿನಿಂದಲೂ ತಮಿಳು ಸೀಮೆಯಿಂದಲೂ ಕೂಲಿಗಳು ಬಂದರು.

ಇವರಾರೂ ಕೊಡಗಿನ ಒಕ್ಕ, ಊರು, ನಾಡು ಎಂಬ ಹಳೆಯ ಕಟ್ಟಿನಲ್ಲಿ ಸೇರಿದವರಲ್ಲ. ಐನ್‌ಮನೆ ಇಲ್ಲ, ಊರ ತಕ್ಕರ ಲೆಕ್ಕದಲ್ಲಿ ಹೆಸರಿಲ್ಲ. ಅಂಥವರಿಗೆ ಹೆಸರು ಬರೆದಿಡುವ ಒಂದು ಜಾಗವಾಗಿ ಈ ವಿಚಾರಣೆ ಒದಗಿತು. ಬರೆದಿಡುವ ಪದ್ಧತಿಯಾದರೋ ಹಳೆಯದು. 1563ರಲ್ಲಿ ಟ್ರೆಂಟ್ ಮಹಾಸಭೆ, ಪ್ರತಿ ವಿಚಾರಣಾ ಗುರು ಜ್ಞಾನಸ್ನಾನ ಮತ್ತು ಮದುವೆಗಳ ಪುಸ್ತಕ ಇಡಬೇಕು ಎಂದು ವಿಧಿಸಿತು. 1614ರ ರೋಮನ್ ವಿಧಿಗ್ರಂಥ ಅದಕ್ಕೆ ಮರಣದ ಪುಸ್ತಕವನ್ನೂ, ಮನೆಮನೆಯ ಜನರ ವಿವರ ಬರೆಯುವ 'ಆತ್ಮಗಳ ಸ್ಥಿತಿ' ಎಂಬ ಇನ್ನೊಂದನ್ನೂ ಸೇರಿಸಿತು. ಹೆಸರು ಕೇಳಿ ನನಗೆ ನಗು ಬಂದಿತ್ತು, ಏಕೆಂದರೆ ನಮ್ಮ ಶಾಲೆಯ ಜನಗಣತಿ ರಿಜಿಸ್ಟರೂ ಅದೇ ತಾನೇ! ಇನ್ನು ಚರ್ಚಿನ ಕಾನೂನು. 1917ರ ಸಂಹಿತೆ ವಿಚಾರಣೆಯನ್ನು ಧರ್ಮಪ್ರಾಂತ್ಯದ ಭೂಭಾಗ ಎಂದೇ ಲೆಕ್ಕ ಹಿಡಿಯಿತು. 1983ರದು ಮೊದಲು ವಿಶ್ವಾಸಿಗಳ ಸಮುದಾಯ ಎಂದು ಹೇಳಿ ಗಡಿಯ ಮಾತನ್ನು ಆಮೇಲೆ ಎತ್ತುತ್ತದೆ. ರೋಮಿನ ಕಾನೂನು ಬರೆಯುವವರೇ ನೆಲದಿಂದ ಜನರತ್ತ ಹೊರಳಿದರು. ನಮ್ಮ ಸಂಚಿಕೆ ಬರೆಯುವವರು ಇನ್ನೂ ಮಾಡಿನ ಮೇಲೆಯೇ ಕೂತಿದ್ದಾರೆ.

ಮಾಡು ಉಳಿದು ಜನ ಹೋದರೆ ಏನಾಗುತ್ತದೆ ಎಂದು ನೋಡಬೇಕಾದರೆ ಮಡಿಕೇರಿ ಕೋಟೆಗೆ ಹೋಗಿ. ಅಲ್ಲಿದ್ದ ವೀರಭದ್ರನ ಗುಡಿಯನ್ನು 1855ರಲ್ಲಿ ತೆಗೆಸಿ, ಆ ಜಾಗದಲ್ಲಿ ಆಂಗ್ಲಿಕನ್ನರ ಸೇಂಟ್ ಮಾರ್ಕ್ಸ್ ಚರ್ಚು ಕಟ್ಟಿದರು, 1859ರಲ್ಲಿ ಮುಗಿಯಿತು. ಅಧಿಕಾರಿಗಳು, ಸಿಪಾಯಿಗಳು, ತೋಟದ ದೊರೆಗಳು ಅದರ ಸಭೆಯವರು. ಅವರು ಹಡಗು ಹತ್ತಿದ ಮೇಲೆ ಬಾಗಿಲು ಮುಚ್ಚಿತು. 1971ರಿಂದ ಅದು ಸರಕಾರಿ ವಸ್ತುಸಂಗ್ರಹಾಲಯ. ಮಕ್ಕಳನ್ನು ಪ್ರವಾಸ ಕರೆದೊಯ್ದಾಗಲೆಲ್ಲ ಬಣ್ಣದ ಗಾಜಿನ ಕಿಟಕಿಯ ಕೆಳಗೆ ವೀರಗಲ್ಲು, ಜಿನಬಿಂಬಗಳನ್ನು ತೋರಿಸುತ್ತೇನೆ. ಗೋಡೆ ಗಟ್ಟಿಯಾಗಿದೆ, ಆದರೆ ಪ್ಯಾರಿಷ್ ಎಂಬುದು ಅಲ್ಲಿಲ್ಲ.

ಅದೇ ಕಾಲದಲ್ಲಿ, ಅಮ್ಮತ್ತಿಯ ಕಡೆ, ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಆನಂದಪುರವನ್ನು ಶುರುಮಾಡಿದ್ದ. 'ಮಂಗಳೂರು ಸಮಾಚಾರ' ಪತ್ರಿಕೆಯಿಂದ ನಮಗೆಲ್ಲ ಪರಿಚಿತನಾದ ಅದೇ ಮೋಗ್ಲಿಂಗ್. ಜೀತದಾಳುಗಳಾಗಿದ್ದ ಹೊಲೆಯರ ಸಭೆ ಅದು. ಮೋಗ್ಲಿಂಗ್ ಬಗ್ಗೆ ಕನ್ನಡದಲ್ಲಿ ಎಷ್ಟೋ ಬರೆದಿದ್ದಾರೆ, ಬರೆಯಬೇಕಾದದ್ದೇ. ಆ ಊರಿನ ಮೊದಲ ಹೆಂಗಸರ ಬಗ್ಗೆ ಓದಿದವರು ನಮ್ಮಲ್ಲಿ ಎಷ್ಟು ಜನ? ಕೊಡಗಿನಲ್ಲಿ ಜ್ಞಾನಸ್ನಾನ ಪಡೆದ ಹೆಣ್ಣು ಯಾರು ಎಂದರೆ ಎಲ್ಲರೂ ಚಿಕ್ಕವೀರರಾಜನ ಮಗಳು ಗೌರಮ್ಮ ಎನ್ನುತ್ತಾರೆ. 1852ರಲ್ಲಿ ಇಂಗ್ಲೆಂಡಿನಲ್ಲಿ, ವಿಕ್ಟೋರಿಯಾ ರಾಣಿಯೇ ಜ್ಞಾನತಾಯಿಯಾಗಿ ನಿಂತು, ರಾಣಿಯ ಹೆಸರನ್ನೇ ಆಕೆಗಿಟ್ಟರು. ಪಾಪದ ಹುಡುಗಿ, 1864ರಲ್ಲಿ ಅಲ್ಲೇ ತೀರಿಕೊಂಡಳು. ಅವಳ ಕಥೆಗೆ ರಾಣಿ ಬೇಕಾಯಿತು. ಲೈನ್ ಮನೆಯ ಹುಡುಗಿಗೆ ಜ್ಞಾನತಾಯಿಯಾಗಿ ನಿಲ್ಲುವವಳು ಪಕ್ಕದ ಕೋಣೆಯ ಹೆಂಗಸು. ಆದರೆ ಪುಸ್ತಕದಲ್ಲಿ ಅವಳ ಹೆಸರನ್ನೂ ಬರೆಯಲೇಬೇಕು, ಅದು ಕಾನೂನು.

ಕರಡು ತಿದ್ದುವ ನೆಪದಲ್ಲಿ ಒಂದು ಮಧ್ಯಾಹ್ನ ಆ ಪುಸ್ತಕಗಳನ್ನು ನೋಡುವ ಅವಕಾಶ ಕೇಳಿದೆ. ಅಲ್ಲಿದ್ದ ಎಳೆಯ ಗುರುಗಳು ಒಳ್ಳೆಯವರು, ಮೇಜಿನ ಬಳಿ ಕೂರಿಸಿ ಚಹಾ ತರಿಸಿದರು. ನನ್ನ ಹೆಸರನ್ನು ಹುಡುಕಿದೆ, ಸಿಕ್ಕಿತು. ಅದರ ಪಕ್ಕದ ಅಂಚಿನಲ್ಲಿ ಬೇರೆ ಶಾಯಿಯಲ್ಲಿ, ಬೇರೆ ಕೈಬರಹದಲ್ಲಿ, ನನ್ನ ಮದುವೆಯ ತಾರೀಕು, ಗಂಡನ ಹೆಸರು, ಚರ್ಚಿನ ಹೆಸರು. ಎಲ್ಲಿ ಮದುವೆಯಾದರೂ ಜ್ಞಾನಸ್ನಾನವಾದ ಚರ್ಚಿಗೆ ತಿಳಿಸಿ ಅಲ್ಲಿ ಟಿಪ್ಪಣಿ ಹಾಕಿಸಬೇಕೆಂಬ ನಿಯಮ. ಇಬ್ಬಿಬ್ಬರನ್ನು ಮದುವೆಯಾಗದಿರಲಿ ಎಂಬ ಎಚ್ಚರಿಕೆಯಿಂದ ಹುಟ್ಟಿದ ನಿಯಮವಿರಬೇಕು. ನನಗೆ ಮಾತ್ರ ಅದು ಬೇರೆ ತರಹ ತಟ್ಟಿತು. ನಮ್ಮ ನೆರೆಯ ಕೊಡವರ ಮದುವೆಯಲ್ಲಿ ಸಂಬಂಧ ಅಡಕುವ ಶಾಸ್ತ್ರವಿದೆ. ಕಲ್ಲಿನ ಹರಳು ಎಣಿಸಿಕೊಟ್ಟು ಹೆಣ್ಣಿಗೆ ಗಂಡನ ಒಕ್ಕದ ಹಕ್ಕು ಕೊಡುತ್ತಾರೆ, ಚಂದದ ಶಾಸ್ತ್ರ. ನಮ್ಮಲ್ಲಿ ಹಾಗೆ ಹಕ್ಕು ಎಣಿಸಿಕೊಡುವವರಿಲ್ಲ. 1917ರ ಸಂಹಿತೆಯಂತೂ ಗಂಡನ ನೆಲೆಯೇ ಹೆಂಡತಿಯ ನೆಲೆ ಎಂದು ಹೇಳಿಬಿಟ್ಟಿತ್ತು. ಆದರೂ ತವರಿನ ಪುಸ್ತಕ ನನ್ನ ಸಾಲನ್ನು ಹೊಡೆದುಹಾಕಿರಲಿಲ್ಲ, ಅಂಚಿನಲ್ಲಿ ಜಾಗ ಬಿಟ್ಟುಕೊಂಡು ಕಾದಿತ್ತು.

ಪುಟ ತಿರುಗಿಸುತ್ತ ಹೋದಂತೆ ಸಂಚಿಕೆಯಲ್ಲಿ ಇಲ್ಲದವರೆಲ್ಲ ಅಲ್ಲಿ ಸಿಕ್ಕರು. ಮರಣದ ಪುಸ್ತಕದಲ್ಲಿ ಎಷ್ಟೊಂದು ಎಳೆಗೂಸುಗಳು, ಎಷ್ಟೊಂದು ಬಾಣಂತಿಯರು! ನಾನು ಹುಡುಕಿದ್ದು ಒಬ್ಬ ಮುದುಕಿಯನ್ನು. ಚರ್ಚಿನ ಕಸ ಗುಡಿಸಿ, ಗಂಟೆ ಹೊಡೆದು, ಪೀಠದ ಬಟ್ಟೆ ಒಗೆದು ಮಳೆಗಾಲದಲ್ಲಿ ಅದನ್ನು ತನ್ನ ಒಲೆಯ ಮೇಲೆ ಒಣಗಿಸುತ್ತಿದ್ದವಳು. ನಾವೆಲ್ಲ ಅಜ್ಜಿ ಎನ್ನುತ್ತಿದ್ದೆವು. ಅವಳ ಹೆಸರು ನನಗೇ ತಿಳಿದಿರಲಿಲ್ಲ. ಸಂಚಿಕೆಯವರನ್ನು ಮನಸ್ಸಿನಲ್ಲೇ ಬೈಯುತ್ತಿದ್ದವಳಿಗೆ ಆಗ ನಾಚಿಕೆಯಾಯಿತು. ಸತ್ತ ವರ್ಷದ ಅಂದಾಜಿನ ಮೇಲೆ ಹುಡುಕಿದಾಗ ಹೆಸರು, ತೋಟದ ಹೆಸರು, ವಯಸ್ಸು ಸುಮಾರು ಎಪ್ಪತ್ತು, ಕಸುಬು ಕೂಲಿ. ಗಂಡನ ಹೆಸರಿನ ಜಾಗ ಖಾಲಿ.

ಅವಳ ಬಗ್ಗೆ ಒಂದು ಪುಟ ಬರೆದು, ಹೆಂಚಿನ ಸಾಲಿನ ನೆನಪನ್ನೂ ಸೇರಿಸಿ, ಕರಡಿನ ಜತೆ ಕಳುಹಿಸಿದೆ. ಸಂಚಿಕೆ ಅಚ್ಚಾಗಿ ಬಂದಾಗ ಆ ಪುಟ ಇರಲಿಲ್ಲ. ಜಾಗ ಸಾಲಲಿಲ್ಲ ಟೀಚರೇ, ಕೊನೆ ಗಳಿಗೆಯಲ್ಲಿ ಒಂದು ಜಾಹೀರಾತು ಬಂತು ಎಂದರು. ಅವರಿಗೂ ಅಚ್ಚಿನ ಖರ್ಚು ಹುಟ್ಟಬೇಕಲ್ಲ. ಮಹಿಳಾ ಸಂಘದ್ದೊಂದು ಗುಂಪು ಫೋಟೋ ಇತ್ತು, ಕೆಳಗೆ 'ಮಹಿಳಾ ಸಂಘದ ಸದಸ್ಯೆಯರು' ಎಂದಷ್ಟೇ. ಗಂಡಸರ ಸಮಿತಿಯ ಫೋಟೋದ ಕೆಳಗೆ ಎಡದಿಂದ ಬಲಕ್ಕೆ ಎಲ್ಲರ ಹೆಸರು.

ಕಾಲ ಬದಲಾಗಿಲ್ಲ ಎನ್ನಲಾರೆ. ದಕ್ಷಿಣ ಭಾರತ ಸಭೆ 2013ರಲ್ಲಿ ಒಬ್ಬ ಹೆಂಗಸನ್ನು ಬಿಷಪ್ ಮಾಡಿತು. ಕಥೋಲಿಕರಲ್ಲಿ 2021ರಿಂದ ಹೆಂಗಸರನ್ನೂ ವಾಚಕಿಯರಾಗಿ, ಪೀಠಸೇವಕಿಯರಾಗಿ ವಿಧಿವತ್ತಾಗಿ ನೇಮಿಸಬಹುದು. ಪೀಠದ ಬಟ್ಟೆ ಒಗೆಯುವುದಕ್ಕಂತೂ ಯಾರ ಅಪ್ಪಣೆಯೂ ಎಂದೂ ಬೇಕಾಗಿರಲಿಲ್ಲ.

ಅಜ್ಜಿಯ ಹೆಸರನ್ನು ನಾನು ಇಲ್ಲಿ ಬರೆದಿಲ್ಲ. ಅವಳ ಮೊಮ್ಮಕ್ಕಳು ಕೆಲಸ ಹುಡುಕಿಕೊಂಡು ಬೇರೆ ಜಿಲ್ಲೆಗೆ ಹೋದರಂತೆ, ಅವರನ್ನು ಕೇಳದೆ ಬರೆಯುವುದು ಸರಿಯಲ್ಲ. ಅದು ಬರಬೇಕಾದ ಜಾಗ ಆ ಚರ್ಚಿನ ಸಂಚಿಕೆ. ಇನ್ನೊಂದು ಜುಬಿಲಿಗೆ ಇಪ್ಪತ್ತು ವರ್ಷವಾದರೂ ಬೇಕು. ನಾನು ಬರೆದ ಪುಟ ಮತ್ತು ಅಂದು ನಕಲು ಮಾಡಿಕೊಂಡ ಆ ಒಂದು ಸಾಲು ನನ್ನ ಬೀರುವಿನಲ್ಲಿ, ವ್ಯಾಕರಣ ಪುಸ್ತಕದ ಒಳಗೆ ಇವೆ. ಮಗಳಿಗೆ ತೋರಿಸಿಟ್ಟಿದ್ದೇನೆ.