ಕಟ್ಟಿ ಇಲ್ಲದ ಮನಿ

ದಿನವಿಡೀ ಆಫೀಸಿನಲ್ಲಿ ಕೂತು ಬಂದು ‘ಇನ್‌ಝೋಯ್’ ಶುರು ಮಾಡಿದರೆ, ಆಟ ನಮ್ಮನ್ನು ಮತ್ತೊಂದು ಆಫೀಸಿನಲ್ಲೇ ಕೂರಿಸುತ್ತದೆ! ಅಲ್ಲಿ ನಾವು ಇಂಟರ್ನ್. ‘ಝೋಯ್’ ಎಂಬ ಮನುಷ್ಯರನ್ನು ಮಾಡಿ, ಮನೆ ಕಟ್ಟಿಕೊಟ್ಟು, ಅವರ ಬದುಕು ನಡೆಸುವುದೇ ನಮ್ಮ ಕೆಲಸ.

2025ರ ಮಾರ್ಚ್ 28ರಂದು ಅರ್ಲಿ ಆಕ್ಸೆಸ್‌ನಲ್ಲಿ ಬಂದ ಈ ಆಟ ದಕ್ಷಿಣ ಕೊರಿಯಾದ ಕ್ರಾಫ್ಟನ್‌ನದು. ನಮ್ಮ ಹುಡುಗರು ಬಿಜಿಎಂಐ ಆಡ್ತಾರಲ್ಲ, ಅದೇ ಕಂಪನಿ. 2000ದಲ್ಲಿ ಬಂದ ‘ದಿ ಸಿಮ್ಸ್’ ಅಮೆರಿಕದ ಬಡಾವಣೆಯನ್ನು ಲೋಕಕ್ಕೆಲ್ಲ ತೋರಿಸಿತ್ತು. ಇವರು ಸೋಲ್ ಮಾದರಿಯ ದೋವನ್ ನಗರ ಕಟ್ಟಿದ್ದಾರೆ. ತಮ್ಮೂರನ್ನೇ ಜಗತ್ತಿನ ಮುಂದಿಟ್ಟ ಆ ಧೈರ್ಯ ನನಗೆ ಹಿಡಿಸಿತು. ಅನ್‌ರಿಯಲ್ ಎಂಜಿನ್ 5ರ ದಯೆಯಿಂದ ಮುಖ, ಬೆಳಕು, ಬಟ್ಟೆಯ ಮಡಿಕೆ ಎಲ್ಲ ಕಣ್ಣಿಗೆ ಹಬ್ಬ. ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಮಾತ್ರ ಬೇಕೇ ಬೇಕು.

ಸರಿ, ನಾನೇನು ಕಟ್ಟಿದೆ? ಬೀದರಿನ ಚೌಬಾರಾ ಸುತ್ತಲಿನ ಓಣಿಯನ್ನಲ್ಲ, ಔರಾದಿನ ಅಜ್ಜಿ ಮನೆಯನ್ನೂ ಅಲ್ಲ. ಹೈದರಾಬಾದಿನ ನನ್ನ ಬಾಡಿಗೆ ಫ್ಲ್ಯಾಟನ್ನೇ, ಸ್ವಲ್ಪ ದೊಡ್ಡದಾಗಿ.

ರಜೆಗೆ ಭಾಲ್ಕಿಗೆ ಹೋದಾಗ ಲ್ಯಾಪ್‌ಟಾಪ್ ತೆಗೆದು ಅವ್ವನಿಗೆ ತೋರಿಸಿದೆ. ಸುಮ್ಮನೆ ನೋಡಿ, ‘ಮನಿ ಛಲೋ ಅದ. ಕಟ್ಟಿ ಎಲ್ಲದ?’ ಅಂದ್ಲು.

ಬಾಗಿಲ ಹೊರಗೆ ಬೆಂಚು ಇಟ್ಟೆ. ಆದರೆ ನಮ್ಮ ಕಟ್ಟಿ ಮೇಲೆ ಯಾರು ಬಂದು ಕೂರ್ತಾರೆ ಅಂತ ನಾವು ಆರಿಸೋದಿಲ್ಲ. ಇಲ್ಲಿ ಹರಟೆಯೂ ಪಟ್ಟಿ ನೋಡಿ ಒತ್ತುವ ಬಟನ್. ಅದು ಆಟದ ಮಿತಿ. ಕಟ್ಟಿ ಇಡೋದನ್ನೇ ಮರೆತದ್ದು ಮಾತ್ರ ನಾನು.