ಅಟ್ಟದ ಮೇಲಿನ ಖಾಲಿ ಕವರು

ಅಟ್ಟಕ್ಕೆ ಹಾಕಿದ ಕಾಯಿ ಕೊಬ್ಬರಿಯಾಯಿತೇ ಎಂದು ತಿಳಿಯಲು ನಮ್ಮ ತಿಪಟೂರು ಕಡೆ ಕಿವಿಯೇ ಸಾಕು. ಹತ್ತು ಹನ್ನೊಂದು ತಿಂಗಳು ಕಳೆದ ಮೇಲೆ ಅಲುಗಿಸಿದರೆ ಒಳಗೆ ಲೊಡಲೊಡ ಎನ್ನಬೇಕು. ಕಳೆದ ವಾರ ಹಾಗೆ ಅಲುಗಿಸಿ ನೋಡಲು ಏಣಿ ಹತ್ತಿದವನಿಗೆ ಮೂಲೆಯಲ್ಲಿ ಹಗ್ಗ ಬಿಗಿದ ಹಳೆಯ ‘ಪಿಸಿ ಕ್ವೆಸ್ಟ್’ ಸಂಚಿಕೆಗಳ ಕಟ್ಟು ಸಿಕ್ಕಿತು. ಕಾಯಿ ಮರೆತೇಹೋಯಿತು.

ಹಳೆಯ ಕಂಪ್ಯೂಟರ್ ಪತ್ರಿಕೆ ಕೂಡಿಡುವ ಹುಚ್ಚಿನವರು ಸಾಮಾನ್ಯವಾಗಿ ಕೇಳುವುದು ಅಮೆರಿಕದ ‘ಬೈಟ್’. 1975ರ ಸೆಪ್ಟೆಂಬರಿನಲ್ಲಿ ಅದರ ಮೊದಲ ಸಂಚಿಕೆ ಬಂತು. ಆ ಕಾಲದ ಪತ್ರಿಕೆಗಳು ಪ್ರೋಗ್ರಾಮನ್ನೇ ಅಚ್ಚು ಹಾಕುತ್ತಿದ್ದವು. ಓದುಗ ಸಾಲುಸಾಲಾಗಿ ಟೈಪು ಮಾಡಿಕೊಳ್ಳಬೇಕು. ಒಂದು ಅಲ್ಪವಿರಾಮ ಬಿಟ್ಟುಹೋದರೆ ರಾತ್ರಿಯೆಲ್ಲ ಜಾಗರಣೆ. ನನಗೆ ಆ ಭಕ್ತಿಯಿಲ್ಲ. ನನ್ನ ಆಸೆಯೆಲ್ಲ ಪತ್ರಿಕೆಯ ಜೊತೆ ಬರುತ್ತಿದ್ದ ಸಿಡಿಯ ಮೇಲೆ.

ಪಿಸಿ ಕ್ವೆಸ್ಟ್ ಶುರುವಾದದ್ದು 1987ರಲ್ಲಿ, ‘ಡೇಟಾಕ್ವೆಸ್ಟ್’ ತರುತ್ತಿದ್ದ ಸೈಬರ್ ಮೀಡಿಯಾದಿಂದ. ಅದಕ್ಕೆ ನಿಜವಾದ ರುಚಿ ಹತ್ತಿದ್ದು 1996ರಲ್ಲಿ ಎನ್ನುತ್ತೇನೆ. ಆ ವರ್ಷ ಸಂಚಿಕೆಯ ಜೊತೆ ಸ್ಲ್ಯಾಕ್‌ವೇರ್ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ತುಂಬಿದ ಸಿಡಿ ಬಂತು. ಅದರ ಹಿಂದೆ ನಿಂತವರು ಬೆಂಗಳೂರಿನ ಅತುಲ್ ಚಿಟ್ನಿಸ್. ಬರ್ಲಿನ್‌ನಲ್ಲಿ ಹುಟ್ಟಿದ ಈ ಮನುಷ್ಯ ಹಾಡುಗಾರನೂ ಹೌದು. ಮುಂದೆ 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ಶುರುವಾದಾಗಲೂ ಮುಂದಾಳು ಅವರೇ. 2013ರಲ್ಲಿ ತೀರಿಕೊಂಡರು.

ಸಿಡಿಯ ಬೆಲೆ ಈಗಿನವರಿಗೆ ಹೇಳಿದರೆ ಅರ್ಥವಾಗದು. ಲೆಕ್ಕ ಹಾಕಿ: 650 ಎಂಬಿಯನ್ನು 28.8 ಕಿಲೋಬಿಟ್‌ನ ಮೋಡೆಮ್‌ನಲ್ಲಿ ಇಳಿಸಿಕೊಳ್ಳಲು, ಲೈನು ಒಮ್ಮೆಯೂ ಕಡಿಯದಿದ್ದರೂ, 50 ಗಂಟೆ ದಾಟುತ್ತದೆ. ನಮ್ಮ ಮನೆ ಫೋನು ಮಳೆ ಬಂದರೆ ಗೊರಗೊರ ಅನ್ನುತ್ತಿತ್ತು. ಮೇಲೆ ಎಸ್‌ಟಿಡಿ ಮೀಟರಿನ ಭಯ. ಫಿನ್ಲೆಂಡಿನ ವಿದ್ಯಾರ್ಥಿಯೊಬ್ಬ 1991ರಲ್ಲಿ ಹರಿಯಬಿಟ್ಟ ಲಿನಕ್ಸ್ ಕರ್ನೆಲ್ಲು ತುರುವೇಕೆರೆಗೋ ಚಿಕ್ಕನಾಯಕನಹಳ್ಳಿಗೋ ಬರಬೇಕಾದರೆ ಅಂಚೆಯಣ್ಣನ ಚೀಲವೇ ಗತಿ. 2001ರಲ್ಲಿ ‘ಚಿಪ್’ ಎಂಬ ಇನ್ನೊಂದು ಪತ್ರಿಕೆ ಹೆಸರು ಬದಲಿಸಿಕೊಂಡು ‘ಡಿಜಿಟ್’ ಆಯಿತು. ಅದರ ಸಿಡಿಗಳನ್ನೂ ಕೊಂಡಿದ್ದೇನೆ. ಜಾತ್ರೆಯ ಬತ್ತಾಸಿನ ಹಾಗೆ, ಬಾಯಿಗೆ ಹಾಕಿಕೊಂಡರೆ ಕರಗಿತು.

ನನ್ನ ಸ್ಲ್ಯಾಕ್‌ವೇರ್ ಸಿಡಿ ಮಾತ್ರ ಮೂರು ವರ್ಷ ಕವರಿನಲ್ಲೇ ಕೂತಿತ್ತು. ಮನೆಯಲ್ಲಿ ಪತ್ರಿಕೆ ಇತ್ತು, ಕಂಪ್ಯೂಟರ್ ಇರಲಿಲ್ಲ! ಕೊನೆಗೆ ಸೋದರಮಾವ ತಮ್ಮ ಕೊಬ್ಬರಿ ಮಂಡಿಗೆ ಒಂದು ತರಿಸಿದರು. ಭಾನುವಾರ ಬೀಗದ ಕೈ ಇಸಕೊಂಡು ಹೋಗಿ ಕೂತೆ. ಡಿಸ್ಕನ್ನು ಭಾಗ ಮಾಡುವ ‘ಎಫ್‌ಡಿಸ್ಕ್’ ಎಂಬುದು ಮನೆ ಪಾಲಿನಷ್ಟೇ ನಾಜೂಕಿನ ಕೆಲಸ. ಯಾವುದು ಯಾರ ಪಾಲಿಗೆ ಎಂದು ಎರಡು ಸಲ ನೋಡಬೇಕಿತ್ತು, ನೋಡಲಿಲ್ಲ. ಸಂಜೆ ಹೊತ್ತಿಗೆ ಕಪ್ಪು ಪರದೆಯ ಮೇಲೆ ‘ಲಾಗಿನ್’ ಎಂದು ಮೂಡಿತು; ಒಂದು ವರ್ಷದ ವ್ಯಾಪಾರದ ಲೆಕ್ಕ ಮಾಯವಾಗಿತ್ತು.

ಸೋಮವಾರ ಮಾವ ಪರದೆ ನೋಡಿದರು, ನನ್ನನ್ನು ನೋಡಿದರು. “ನಿನ್ನ ನಂಬಿ ಇದನ್ನ ಸುಟ್ಟಿದ್ರೆ ಗತಿ ಏನೋ?” ಎನ್ನುತ್ತಾ ಗಲ್ಲಾಪೆಟ್ಟಿಗೆಯ ಕೆಳಗಿಂದ ಕೆಂಪು ರಟ್ಟಿನ ಖಾತೆ ಪುಸ್ತಕ ಎಳೆದರು.

ಕಳೆದ ವಾರ ಅಟ್ಟದಲ್ಲಿ ಕಟ್ಟು ಬಿಚ್ಚಿದಾಗ ಆ ಸಂಚಿಕೆ ಸಿಕ್ಕಿತು, ಕವರು ಖಾಲಿ. ಸಿಡಿ ಮಂಡಿಯಲ್ಲೇ ಉಳಿದಿರಬೇಕು. ಮಾವನನ್ನು ಕೇಳುವ ಧೈರ್ಯ ಇನ್ನೂ ಬಂದಿಲ್ಲ.